ತೇಗದ ಹಲಗೆ ಹಾಕುವ ಮುಂಚೆ ನೆಲಕ್ಕೆ ಏನೇನು ಮಾಡಿಸಿದೆವು

ನಮ್ಮ ಮನೆಯ ಎರಡು ಕೋಣೆಗೆ ತೇಗದ ನೆಲ ಹಾಕಿ ಮುಗಿಯಿತು. ಹಲಗೆ ಜೋಡಿಸುವ ಕೆಲಸ ಬೇಗ ಆಯಿತು. ಅದರ ಕೆಳಗಿನ ನೆಲ ಸಿದ್ಧ ಮಾಡುವುದಕ್ಕೆ ಮಾತ್ರ ಸಂಕ್ರಾಂತಿಯಿಂದ ಬಸವ ಜಯಂತಿ ದಾಟುವವರೆಗೂ ಓಡಾಡಿದೆವು. ತುಮಕೂರಿನಲ್ಲಿ ಯಾರನ್ನಾದರೂ ಕೇಳೋಣ ಅಂದರೆ ನಮ್ಮ ಗುರುತಿನವರಲ್ಲಿ ಗಟ್ಟಿ ಮರದ ನೆಲ ಹಾಕಿಸಿದವರು ಒಬ್ಬರೂ ಇರಲಿಲ್ಲ. ಎಲ್ಲರದ್ದೂ ಲ್ಯಾಮಿನೇಟ್. ಲ್ಯಾಮಿನೇಟ್ ಆದರೆ ತೆಳ್ಳಗಿನ ಫೋಮ್ ಹಾಸಿ ಅದರ ಮೇಲೆ ಕೂರಿಸಿಬಿಡುತ್ತಾರೆ. ಗಟ್ಟಿ ಮರಕ್ಕೆ ಕೆಳಗಿನ ನೆಲ ಒಣಗಿರಬೇಕು, ಸಮ ಇರಬೇಕು, ಮೊಳೆ ಹಿಡಿಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮೇಲಿನ ದುಬಾರಿ ಮರ ಉಬ್ಬುತ್ತದೆ, ಸೀಳುತ್ತದೆ, ಇಲ್ಲವೇ ನಡೆದಾಗೆಲ್ಲ ಕಿರ್ ಅನ್ನುತ್ತದೆ. ಮುಂದೆ ಹಾಕಿಸುವವರಿಗೆ ನಾವು ಪಟ್ಟ ಗೊಂದಲ ಬೇಡ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಎಸ್.ಎಸ್. ಪುರಂನಲ್ಲಿ ಮಾವ 1994ರಲ್ಲಿ ಕಟ್ಟಿಸಿದ ಮನೆ. ಸೈಜುಗಲ್ಲಿನ ಪಾಯ. ಅದರೊಳಗೆ ಗರಸು ಮಣ್ಣು ತುಂಬಿ, ಮೇಲೆ ನಾಲ್ಕು ಇಂಚಿನ ಕಾಂಕ್ರೀಟ್ ಬೆಡ್. ಬೆಡ್ಡಿನ ಕೆಳಗೆ ತೇವ ತಡೆಯಲು ಏನೂ ಹಾಕಿಲ್ಲ. ಮೊದಲು ರೆಡ್ ಆಕ್ಸೈಡ್ ನೆಲ ಇತ್ತಂತೆ. ನಾನು ಈ ಮನೆಗೆ ಬರುವ ಹೊತ್ತಿಗೆ ಅದರ ಮೇಲೇ ಗಾರೆ ಹಾಕಿ ವಿಟ್ರಿಫೈಡ್ ಟೈಲ್ಸ್ ಕೂರಿಸಿದ್ದರು. ಮಾವನಿಗೆ ಮಂಡಿ ನೋವು. ಚಳಿಗಾಲದ ಬೆಳಗಿನ ಜಾವ ಟೈಲ್ಸ್ ಮೇಲೆ ಕಾಲಿಟ್ಟರೆ ಅವರಿಗೆ ನೋವು ಜಾಸ್ತಿ. ಹಳ್ಳಿಯ ಮನೆಯ ಅಟ್ಟದ ಹಲಗೆ ಎಷ್ಟು ಬೆಚ್ಚಗಿತ್ತು ಅಂತ ಅವರು ಆಗಾಗ ಹೇಳುತ್ತಿದ್ದರು. ಅವರ ಕೋಣೆ ಮತ್ತು ಮುಂದಿನ ಓದುವ ಕೋಣೆ, ಎರಡೂ ಸೇರಿ ಸುಮಾರು 280 ಚದರ ಅಡಿಗೆ ಮರದ ನೆಲ ಅಂತ ನಾನೂ ನನ್ನ ಗಂಡನೂ ತೀರ್ಮಾನ ಮಾಡಿದೆವು.

ಹಲಗೆ ಬೆಂಗಳೂರಿನ ಒಂದು ಕಂಪನಿಯದು. 20 ಮಿ.ಮೀ. ದಪ್ಪ, ನಾಲ್ಕು ಇಂಚು ಅಗಲ, ಟಂಗ್ ಅಂಡ್ ಗ್ರೂವ್, ಅಂದರೆ ಒಂದರ ಅಂಚು ಇನ್ನೊಂದರ ಸೀಳಿನೊಳಗೆ ಕೂರುವಂಥದ್ದು. ಅಳತೆಗೆ ಬಂದ ಅವರ ಕಡೆಯ ಟೆಕ್ನಿಷಿಯನ್ ಅಳತೆ ಮುಗಿಸಿ ಒಂದು ಫಾರಂ ಕೈಗೆ ಕೊಟ್ಟರು. ಕಾಂಕ್ರೀಟಿನ ತೇವ ಎಷ್ಟು, ಪ್ಲೈವುಡ್ಡಿನ ತೇವ ಎಷ್ಟು, ಹಲಗೆಯ ತೇವ ಎಷ್ಟು, ನೆಲದ ಸಮ ಎಷ್ಟು, ಗೆದ್ದಲಿಗೆ ಔಷಧಿ ಹೊಡೆಸಿದ್ದೀರಾ, ಯಾವ ಔಷಧಿ, ಯಾವ ತಾರೀಕು. ಪ್ರತಿಯೊಂದಕ್ಕೂ ಒಂದು ಕಾಲಂ, ಕೊನೆಯಲ್ಲಿ ಇಬ್ಬರ ಸಹಿ. ಇದು ಪೂರ್ತಿ ತುಂಬದೆ ಹಲಗೆ ಹಾಕಿದರೆ ಗ್ಯಾರಂಟಿ ಇಲ್ಲ ಅಂದರು. ಅಡ್ವಾನ್ಸ್ ಕೊಡುವ ಮುಂಚೆಯೇ ಈ ಫಾರಂ ಕೇಳಿ ತೆಗೆದುಕೊಳ್ಳಿ. ಯಾವ ಕೆಲಸ ಯಾರ ತಲೆ ಮೇಲೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ನಮ್ಮ ಫಾರಂ ಪ್ರಕಾರ ಹಲಗೆ ಜೋಡಿಸುವುದು ಮಾತ್ರ ಅವರದ್ದು. ಕೆಳಗಿನದ್ದೆಲ್ಲ ನಮ್ಮದು.

ಟೈಲ್ಸ್ ಮೇಲೇ ಹಾಕಬಹುದಲ್ವಾ ಅಂತ ಎಲ್ಲರೂ ಕೇಳಿದರು. ನಾವೂ ಕೇಳಿದೆವು. ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ಕಾಂಕ್ರೀಟಿಗೆ ನೇರವಾಗಿ ಮೊಳೆ ಹೊಡೆಯಲು ಆಗುವುದಿಲ್ಲ, ಹಾಗಾಗಿ ಹಲಗೆ ಕೆಳಗೆ 18 ಮಿ.ಮೀ. ಪ್ಲೈ ಬೇಕು. ಪ್ಲೈ, ಹಲಗೆ, ನೆಲ ಸಮ ಮಾಡುವ ಪದರ ಎಲ್ಲ ಸೇರಿದರೆ 40 ಮಿ.ಮೀ. ದಾಟುತ್ತದೆ. ಅಷ್ಟು ಎತ್ತರಿಸಿದರೆ ಬಾಗಿಲು ಕತ್ತರಿಸಬೇಕು, ಹೊಸ್ತಿಲು ನೆಲದೊಳಗೆ ಹೂತು ಹೋಗುತ್ತದೆ, ಹಾಲಿನಿಂದ ಕೋಣೆಗೆ ಹೋಗುವಾಗ ಮಾವ ಎಡವುತ್ತಾರೆ. ಟೈಲ್ಸ್ ಮತ್ತು ಅದರ ಅಡಿಯ ಗಾರೆ ಕಿತ್ತರೆ ಹತ್ತಿರ ಹತ್ತಿರ 45 ಮಿ.ಮೀ. ವಾಪಸ್ ಸಿಗುತ್ತದೆ. ಜೊತೆಗೆ ಕೋಲಿನಿಂದ ತಟ್ಟಿ ನೋಡಿದರೆ ಅಲ್ಲಲ್ಲಿ ಟೈಲ್ಸ್ ಡಬ್ ಡಬ್ ಅನ್ನುತ್ತಿತ್ತು. ಕೆಳಗೆ ಪೊಳ್ಳು. ಅಂಥದ್ದರ ಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಕೀಳುವುದೇ ಸರಿ ಅಂತಾಯಿತು. ನಿಮ್ಮ ಮನೆಯಲ್ಲೂ ಮೊದಲು ಈ ಎತ್ತರದ ಲೆಕ್ಕ ಹಾಕಿ.

ಸಂಕ್ರಾಂತಿ ಆದ ಮೇಲೆ ಕೀಳುವ ಕೆಲಸ ಶುರುವಾಯಿತು. ಧೂಳು ಅಂದರೆ ಅಂಥಿಂಥ ಧೂಳಲ್ಲ. ಬಾಗಿಲಿಗೆ ಒದ್ದೆ ಸೀರೆ ಕಟ್ಟಿದರೂ ಅಡುಗೆಮನೆಯ ಡಬ್ಬಿ ಮುಚ್ಚಳದ ಮೇಲೆಲ್ಲ ಬೂದಿ. ಮಾವನ ಮಂಚ ಹಾಲಿಗೆ ಬಂತು. ಕಿತ್ತ ಟೈಲ್ಸ್, ಗಾರೆಯನ್ನು ದಿನದ ಕಸದ ಆಟೋದವರು ತೆಗೆದುಕೊಳ್ಳುವುದಿಲ್ಲ. ಟ್ರಾಕ್ಟರ್‌ಗೆ ಬೇರೆ ಹೇಳಬೇಕು. ಲೋಡಿಗೆ ಎರಡು ಸಾವಿರ ಕೊಟ್ಟೆವು. ಕೀಳುವವರ ರೇಟಿನಲ್ಲಿ ಸಾಗಿಸುವುದು ಸೇರಿದೆಯಾ ಇಲ್ಲವಾ ಅಂತ ಮೊದಲೇ ಮಾತಾಡಿಕೊಳ್ಳಿ. ಮನೆ ಮುಂದೆ ರಾಶಿ ಬಿದ್ದ ಮೇಲೆ ಮಾತಾಡಿದರೆ ಹೇಳಿದ ರೇಟು ಕೊಡಬೇಕಾಗುತ್ತದೆ.

ಗಾರೆ ಏಳುತ್ತಾ ಏಳುತ್ತಾ ಅಡಿಯಿಂದ ಹಳೆಯ ರೆಡ್ ಆಕ್ಸೈಡ್ ಕಾಣಿಸಿತು. ಕಿಟಕಿ ಹತ್ತಿರ ಒಂದು ಮಾರು ಜಾಗ ಒಂಚೂರೂ ಬಿರುಕಿಲ್ಲದೆ, ಒರೆಸಿದರೆ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅತ್ತೆ ಬದುಕಿದ್ದಾಗ ಹಬ್ಬಕ್ಕೆ ಮುಂಚೆ ಅದಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಿದ್ದರಂತೆ. ಮಾವ ಕುರ್ಚಿ ತರಿಸಿಕೊಂಡು ಬಾಗಿಲಲ್ಲಿ ಕೂತು ನೋಡಿದರು. "ಇದನ್ನೂ ಉಜ್ಜಿ ತೆಗೀಬೇಕೇನಮ್ಮ?" ಅಂದರು. ತೆಗೆಯಲೇಬೇಕಿತ್ತು. ತೇವ ತಡೆಯಲು ಬಳಿಯುವ ಎಪಾಕ್ಸಿ ಅನ್ನುವ ರಾಳದ ಲೇಪ ಅಷ್ಟು ನುಣುಪಾದ ಮೇಲ್ಮೈಗೆ ಅಂಟುವುದಿಲ್ಲ, ಎಣ್ಣೆ ಕುಡಿದ ನೆಲಕ್ಕಂತೂ ಇಲ್ಲವೇ ಇಲ್ಲ. ಹಾಗಂತ ಹೇಳುವಾಗ ನನಗೆ ಗಂಟಲು ಕಟ್ಟಿತು. ಅವರೇ, "ಆಗಲಿ, ಕೆಲಸ ಗಟ್ಟಿಯಾಗಲಿ" ಅಂದರು.

ಮುಂದಿನದು ತೇವದ ಪರೀಕ್ಷೆ. ಇದಕ್ಕೆ ಖರ್ಚೇ ಇಲ್ಲ, ಯಾರು ಬೇಕಾದರೂ ಮಾಡಬಹುದು. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ. ಗುಡಿಸಿ ಒರೆಸಿದ ಕಾಂಕ್ರೀಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ. ಕನಿಷ್ಠ 16 ಗಂಟೆ ಬಿಡಿ. ಆಮೇಲೆ ತೆಗೆದಾಗ ಹಾಳೆಯ ಒಳಗೆ ಹನಿ ಕಂಡರೆ, ಇಲ್ಲಾ ಕಾಂಕ್ರೀಟ್ ಕಪ್ಪಗಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಅಂತ ಅರ್ಥ. ಒಂದೇ ಕಡೆ ಹಾಕಿದರೆ ಸಾಲದು. ನಾವು ಕೋಣೆಯ ಮಧ್ಯೆ, ಬಾತ್‌ರೂಮ್ ಗೋಡೆ ಪಕ್ಕ, ಹೊರಗೋಡೆ ಪಕ್ಕ ಎಲ್ಲಾ ಕಡೆ ಹಾಕಿದೆವು. ಮಾವನ ಕೋಣೆಯಲ್ಲಿ ಹಾಳೆ ಒಣಗಿತ್ತು. ಓದುವ ಕೋಣೆಯಲ್ಲಿ ಮುಂದಿನ ಗೋಡೆ ಪಕ್ಕದ ಹಾಳೆಯ ಒಳಗೆ ಸಣ್ಣ ಸಣ್ಣ ಹನಿ ತುಂಬಿಕೊಂಡಿದ್ದವು. ಹಾಳೆ ಎತ್ತಿದರೆ ಅಡಿಯ ಕಾಂಕ್ರೀಟ್ ಚೌಕವಾಗಿ ಕಪ್ಪಾಗಿತ್ತು, ಅಂಚು ಗೆರೆ ಎಳೆದ ಹಾಗೆ.

ಅದು ಫೆಬ್ರವರಿ. ಆಗ ನಮ್ಮ ಕಡೆ ಒಂದು ಹನಿ ಮಳೆ ಇಲ್ಲ. ತೇವ ಎಲ್ಲಿಂದ ಬಂತು? ಬಾತ್‌ರೂಮ್ ಇರುವುದು ಇನ್ನೊಂದು ಬದಿ. ಮೇಸ್ತ್ರಿ ಗೋಡೆ ತಟ್ಟಿದರು, ಪೈಪ್ ನೋಡಿದರು, ತಲೆ ಕೆರೆದುಕೊಂಡರು. ದಾರಿ ತೋರಿಸಿದ್ದು ಟೆಕ್ನಿಷಿಯನ್. "ಮೇಡಂ, ನಿಮ್ಮ ಸಂಪ್ ಎಲ್ಲಿದೆ?" ಅಂತ ಕೇಳಿದರು. ಸಂಪ್ ಇರುವುದು ಪೋರ್ಟಿಕೋ ಕೆಳಗೆ, ಸರಿಯಾಗಿ ಆ ಗೋಡೆಯ ಆಚೆ.

ಅವರು ಹೇಳಿದ ಉಪಾಯ ಸುಲಭ. ಸಂಪ್ ತುಂಬಿಸಿ, ನೀರು ಒಳಗೆ ಬರುವ ವಾಲ್ವ್ ಮುಚ್ಚಿ, ರಾತ್ರಿ ಮೋಟರ್ ಹಾಕಬೇಡಿ. ನೀರಿನ ಮಟ್ಟದಲ್ಲಿ ಗೋಡೆಗೆ ಒಂದು ಗೆರೆ ಹಾಕಿಡಿ. ನನ್ನ ಗಂಡ ಮುಚ್ಚಳ ತೆಗೆದು ಬಗ್ಗಿ, ಮೊಳೆಯಿಂದ ಗೀರು ಹಾಕಿದರು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ನೀರು ಎರಡು ಬೆರಳು ಇಳಿದಿತ್ತು. ಮೋಟರ್ ಹಾಕದೆ ಇನ್ನೊಂದು ದಿನ ಬಿಟ್ಟೆವು. ಇನ್ನಷ್ಟು ಇಳಿದು ಒಂದು ಕಡೆ ನಿಂತುಬಿಟ್ಟಿತು. ನಿಂತ ಜಾಗ ಯಾವುದು ಅಂದರೆ ನಲ್ಲಿ ಪೈಪ್ ಗೋಡೆ ತೂರಿ ಒಳಗೆ ಬರುವ ಕಡೆ. ಪೈಪಿನ ಸುತ್ತ ಗಾರೆ ಬಿಟ್ಟುಕೊಂಡಿತ್ತು. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಎಲ್ಲರೂ ಸಂಪನ್ನು ಕಂಠದವರೆಗೆ ತುಂಬಿಸುತ್ತೇವೆ. ಹಾಗೆ ತುಂಬಿದಾಗೆಲ್ಲ ನೀರು ಆ ಸಂದಿಯಿಂದ ಪಾಯದ ಗರಸಿಗೆ ಇಳಿದು ಕೋಣೆಯ ಕೆಳಗೆ ಹರಡುತ್ತಿತ್ತು. ಟೈಲ್ಸ್ ಇದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ನೆಲದ ಮಟ್ಟದಲ್ಲಿ ಸಂಪ್ ಇರುವ ಮನೆಯವರು ಮರ ಹಾಕಿಸುವ ಮುಂಚೆ ಈ ಗೀರಿನ ಪರೀಕ್ಷೆ ಮಾಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಸಂಪ್ ಖಾಲಿ ಮಾಡಿಸಿ, ಉಜ್ಜಿಸಿ, ಪೈಪಿನ ಸುತ್ತ ಅಗೆದು ಕುಗ್ಗದ ಗ್ರೌಟ್ ತುಂಬಿಸಿ, ಒಳಗೋಡೆಗೆಲ್ಲ ಎರಡು ಕೋಟ್ ವಾಟರ್‌ಪ್ರೂಫಿಂಗ್ ಮಾಡಿಸಿದೆವು. 14 ಸಾವಿರ ಆಯಿತು. ಅಷ್ಟು ದಿನ ಪಕ್ಕದ ಮನೆಯವರು ಪೈಪ್ ಕೊಟ್ಟು ಡ್ರಮ್ ತುಂಬಿಸಿದರು. ಅವರ ಉಪಕಾರ ಮರೆಯುವ ಹಾಗಿಲ್ಲ. ನಡುವೆ ಶಿವರಾತ್ರಿ ಬಂತು, ಸಿದ್ಧಗಂಗೆ ಜಾತ್ರೆ. ನಮ್ಮ ಮೇಸ್ತ್ರಿ ಕ್ಯಾತ್ಸಂದ್ರದ ಕಡೆಯವರು. ಜಾತ್ರೆ ಮುಗಿಯುವ ತನಕ ಅವರನ್ನು ಕರೆಯುವ ಮಾತೇ ಇಲ್ಲ. ನಾನು ಯುಗಾದಿಗೆ ಕೋಣೆ ಸಿದ್ಧವಾಗಲಿ ಅಂದುಕೊಂಡಿದ್ದೆ. ಅದೂ ಆಗಲಿಲ್ಲ. ಯುಗಾದಿ, ಅದರ ಮಾರನೇ ದಿನ ಹೊಸತೊಡಕು, ಅದಾದ ಮೇಲೂ ಆಳುಗಳು ತಿರುಗಿ ಬರಲು ಸಮಯ ಹಿಡಿಯಿತು. ಜನವರಿಯಿಂದ ಏಪ್ರಿಲ್ ಮಧ್ಯೆ ಕೆಲಸ ಇಟ್ಟುಕೊಳ್ಳುವವರು ಈ ಹಬ್ಬಗಳನ್ನು ಲೆಕ್ಕಕ್ಕೆ ಹಿಡಿಯಿರಿ.

ಆ ಕಾಯುವಿಕೆ ನಮಗೆ ಒಳ್ಳೆಯದೇ ಮಾಡಿತು. ಒದ್ದೆಯಾದ ಮಣ್ಣು, ಕಾಂಕ್ರೀಟ್ ಒಣಗಲು ಕಾಲವೇ ಬೇಕು. ಕಿಟಕಿ ತೆರೆದಿಟ್ಟೆವು, ಹಗಲೆಲ್ಲ ಫ್ಯಾನ್ ಹಾಕಿದೆವು. ಮಾರ್ಚಿನ ಬಿಸಿಲು ಚುರುಕಾಗಿತ್ತು. ಈ ಹೊತ್ತಿನಲ್ಲೇ ಮೇಸ್ತ್ರಿ, "ಸುಮ್ನೆ ಯಾಕೆ ಕಾಯ್ತೀರಾ, ಮೇಲೊಂದು ಇಂಚು ಸಿಮೆಂಟ್ ಬೆಡ್ ಹಾಕಿ ಸಮ ಮಾಡಿಬಿಡ್ತೀನಿ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಟೈಲ್ಸ್ ಹಾಕುವುದಾದರೆ ಅದು ಸರಿಯಾದ ಮಾತೇ. ಮರಕ್ಕೆ ಆಗುವುದಿಲ್ಲ. ಹೊಸ ಬೆಡ್‌ಗೆ ವಾರಗಟ್ಟಲೆ ನೀರು ಬಿಟ್ಟು ಕ್ಯೂರಿಂಗ್ ಮಾಡಬೇಕು. ಆಮೇಲೆ ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಅಂತ ಲೆಕ್ಕ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಹೊಟ್ಟೆಯೊಳಗೆ ನೀರಿರುತ್ತದೆ. ಬೇಡ ಅಂದೆ.

ಟೆಕ್ನಿಷಿಯನ್ ಮತ್ತೆ ಬಂದು ಪ್ರೋಬ್ ಇಟ್ಟರು. ಕಾಂಕ್ರೀಟಿನ ದಪ್ಪದ ಶೇಕಡಾ 40ರಷ್ಟು ಆಳಕ್ಕೆ ತೂತು ಕೊರೆದು, ಅದರೊಳಗೆ ಸಣ್ಣ ಕೊಳವೆ ಕೂರಿಸಿ ಮುಚ್ಚಿ, ಕನಿಷ್ಠ 24 ಗಂಟೆ ಬಿಟ್ಟು ಒಳಗಿನ ಗಾಳಿಯ ತೇವ ಓದುತ್ತಾರೆ. ಮೇಲಿನಿಂದ ಒತ್ತುವ ಮೀಟರ್ ಮೇಲ್ಪದರದ ಸುದ್ದಿ ಮಾತ್ರ ಹೇಳುತ್ತದೆ, ಇದು ಒಳಗಿನದ್ದು. ಕಂಪನಿಯ ಷರತ್ತು ಶೇಕಡಾ 75ರ ಒಳಗೆ. ಸಂಪ್ ರಿಪೇರಿಗೆ ಮುಂಚೆ ಮುಂದಿನ ಗೋಡೆ ಹತ್ತಿರ 88 ಇತ್ತು. ಈಗ 73 ಬಂತು. ಆ ಅಂಕಿ ನೋಡಿ ನನಗಾದ ಸಂತೋಷ ಹೇಳತೀರದು. ಫಾರಂನಲ್ಲಿ ಬರೆಸಿ, ಮೀಟರಿನ ಫೋಟೋ ತೆಗೆದು, ತಾರೀಕು ಹಾಕಿ ಇಟ್ಟುಕೊಂಡೆ.

ಅವರು ಆಗಲೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇದು ಬೇಸಿಗೆಯ ಅಂಕಿ. ಕೆಳಗೆ ತಡೆ ಇಲ್ಲದ ನೆಲದಲ್ಲಿ ಮಳೆಗಾಲಕ್ಕೆ ತೇವ ಮತ್ತೆ ಏರಬಹುದು. ನಮ್ಮ ತುಮಕೂರಿನಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ಈಗ ಒಣಗಿದ್ದರೂ ಎಪಾಕ್ಸಿ ತಡೆ ಬೇಕೇ ಬೇಕು ಅಂದರು. ಈ ಮಾತು ನನಗೆ ಸರಿ ಅನ್ನಿಸಿತು. ಖರ್ಚು ಉಳಿಸುವ ಆಸೆಗೆ ಬಿಡುವಂಥದ್ದಲ್ಲ ಇದು.

ಎಪಾಕ್ಸಿಗೆ ಮುಂಚೆ ಗೆದ್ದಲಿನ ಕೆಲಸ ಮುಗಿಯಬೇಕು. ಯಾಕೆಂದರೆ ಅದಕ್ಕೆ ನೆಲ ಕೊರೆಯಬೇಕು. ಎಪಾಕ್ಸಿ ಆದ ಮೇಲೆ ಕೊರೆದರೆ ತಡೆಗೇ ತೂತು. ಟೈಲ್ಸ್ ಕಿತ್ತಾಗ ಬಾಗಿಲುವಾಡದ ಬುಡದಲ್ಲಿ ಪೆನ್ಸಿಲ್ ಗೆರೆಯಷ್ಟು ಸಣ್ಣ ಮಣ್ಣಿನ ಗೂಡು ಏರಿದ್ದನ್ನು ನೋಡಿದ್ದೆವು. ಕೆಮ್ಮಣ್ಣಿನ ಊರು, ಗೆದ್ದಲು ಇಲ್ಲದಿರುವುದು ಹೇಗೆ. ಗೋಡೆ ಮತ್ತು ನೆಲ ಸೇರುವ ಕಡೆ ಉದ್ದಕ್ಕೂ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು ಔಷಧಿ ಇಳಿಸಿ, ಸಿಮೆಂಟಿನಿಂದ ಮುಚ್ಚಿದರು. ಬಂದವರು ಮೊದಲು ಎರಡೆರಡು ಅಡಿಗೆ ಗುರುತು ಹಾಕಿದ್ದರು. ಕಟ್ಟಿದ ಮನೆಗೆ ಒಂದು ಅಡಿ ಅಂತ ಗೆದ್ದಲು ತಡೆಯ ಭಾರತೀಯ ಮಾನದಂಡ ಐಎಸ್ 6313 ಹೇಳುತ್ತದೆ ಅಂದ ಮೇಲೆ ಸರಿ ಮಾಡಿದರು. ಔಷಧಿಯ ಡಬ್ಬಿ ನಮ್ಮ ಮುಂದೆಯೇ ತೆರೆಯಲು ಹೇಳಿ. ಲೇಬಲ್ಲಿನ ಫೋಟೋ ತೆಗೆಯಿರಿ. ಔಷಧಿ ಹೆಸರು, ಪ್ರಮಾಣ, ತಾರೀಕು ಇರುವ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಬರೀ ಬಿಲ್ಲು ಸಾಲದು. ಕೊರೆದಾದ ಮೇಲೆ, ಔಷಧಿ ಇಳಿಸುವ ದಿನ ಮತ್ತು ಮಾರನೇ ದಿನ ಮಾವನನ್ನು ನನ್ನ ನಾದಿನಿ ಮನೆಗೆ ಕಳಿಸಿದೆವು. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಹೀಗೆ ಮಾಡುವುದೇ ವಾಸಿ. ಔಷಧಿಯೂ ನೀರಿನಲ್ಲಿ ಕಲಸಿದ್ದೇ ಅಲ್ವಾ. ಅಂಚುಗಳು ಒಣಗಲಿ ಅಂತ ಮತ್ತೆ ಕಾದೆವು.

ಕೊರೆಯುವ ದಿನವೇ ಒಂದು ಗಾಬರಿ. ಮಾವನ ಕೋಣೆಯ ಮೂಲೆಯಲ್ಲಿ ಡ್ರಿಲ್ ಇಟ್ಟಾಗ ಮಾವ ಹಾಲಿನಿಂದಲೇ, "ಅಲ್ಲಿ ಬೇಡ, ಅಲ್ಲಿ ವೈರಿನ ಪೈಪ್ ಇದೆ" ಅಂತ ಕೂಗಿದರು. ಮನೆ ಕಟ್ಟಿಸಿದವರಿಗೆ ನೆನಪಿತ್ತು. ಮೂಲೆಯ ಪ್ಲಗ್ ಪಾಯಿಂಟಿಗೆ ನೆಲದೊಳಗಿನಿಂದಲೇ ಪೈಪ್ ಹೋಗಿತ್ತು. ತೂತನ್ನು ಸ್ವಲ್ಪ ಪಕ್ಕಕ್ಕೆ ಹಾಕಿಸಿದೆವು. ಆಮೇಲೆ ಪ್ಲೈಗೆ ಸ್ಕ್ರೂ ಹಾಕುವಾಗಲೂ ತೊಂದರೆ ಆಗಬಾರದು ಅಂತ ಗೋಡೆಯಿಂದ ಎಷ್ಟು ಇಂಚಿಗೆ ಪೈಪ್ ಇದೆ ಅಂತ ಟೇಪ್ ಹಿಡಿದು ಫೋಟೋ ತೆಗೆದಿಟ್ಟೆವು. ಕೊರೆಯುವ ದಿನ ಮೇನ್ ಸ್ವಿಚ್ಚಿನಲ್ಲಿ ಆ ಕೋಣೆಯ ಕರೆಂಟ್ ಆಫ್ ಮಾಡಿ, ಡ್ರಿಲ್ಲಿಗೆ ಹಾಲಿನಿಂದ ಲೈನ್ ಕೊಡಿ.

ನೆಲ ಸಮ ಮಾಡುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮಗೂ ಮೇಸ್ತ್ರಿಗೂ ದೊಡ್ಡ ಚರ್ಚೆಯೇ ಆಯಿತು. ಫಾರಂ ಪ್ರಕಾರ ಆರು ಅಡಿಯಲ್ಲಿ 3 ಮಿ.ಮೀ., ಹತ್ತು ಅಡಿಯಲ್ಲಿ 5 ಮಿ.ಮೀ.ಗಿಂತ ಹೆಚ್ಚು ಏರಿಳಿತ ಇರಬಾರದು. ಮೇಸ್ತ್ರಿ ರಸಮಟ್ಟ ಇಟ್ಟು, "ನೆಲ ಸರಿಯಾಗೇ ಇದೆ ಮೇಡಂ. ಬಾಗಿಲ ಕಡೆ ವಾಟ ಇದೆ, ಗೋಲಿ ಬಿಟ್ಟರೆ ನೆಟ್ಟಗೆ ಬಾಗಿಲಿಗೇ ಹೋಗತ್ತೆ" ಅಂದರು. ತೊಳೆಯುವ ನೆಲಕ್ಕೆ ವಾಟ ಬೇಕು, ನಿಜ. ಮರಕ್ಕೆ ವಾಟ ಇದ್ದರೂ ತೊಂದರೆ ಇಲ್ಲ, ಇಲ್ಲದಿದ್ದರೂ ತೊಂದರೆ ಇಲ್ಲ. ಗುಂಡಿ, ದಿಬ್ಬ ಇರಬಾರದು ಅಷ್ಟೇ. ಅದನ್ನು ರಸಮಟ್ಟ ಹೇಳುವುದಿಲ್ಲ. ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ, ಆಚೆ ಬದಿಯಿಂದ ಟಾರ್ಚ್ ಬಿಟ್ಟು ಕೆಳಗೆ ಬೆಳಕು ಎಲ್ಲಿ ತೂರುತ್ತದೆ ನೋಡಬೇಕು. ಬೆಳಕು ಬಂದ ಕಡೆ ಗುಂಡಿ. ಪಟ್ಟಿ ಅಲ್ಲಾಡಿದ ಕಡೆ ದಿಬ್ಬ. ಎಲ್ಲಾ ದಿಕ್ಕಿಗೂ ತಿರುಗಿಸಿ, ಗುಂಡಿಗೆ ಬಿಳಿ ಸೀಮೆಸುಣ್ಣ, ದಿಬ್ಬಕ್ಕೆ ಕೆಂಪು ಸೀಮೆಸುಣ್ಣದಿಂದ ಗುರುತು ಹಾಕಿದೆವು. ಮುಗಿಯುವ ಹೊತ್ತಿಗೆ ಮಾವನ ಕೋಣೆಯ ಮಧ್ಯದಲ್ಲಿ ದೊಡ್ಡ ಬಿಳಿ ವೃತ್ತ ನಿಂತಿತ್ತು. ಅಲ್ಲಿ ಟೈಲ್ಸ್ ತುಂಡು ತೂರುವಷ್ಟು ಸಂದಿ, 8 ಮಿ.ಮೀ. ಅದನ್ನು ಕಣ್ಣಾರೆ ನೋಡಿದ ಮೇಲೆ ಮೇಸ್ತ್ರಿಯೂ ಒಪ್ಪಿದರು. ಅಲ್ಲಿಂದ ಮುಂದೆ ಅವರಷ್ಟು ಮುತುವರ್ಜಿಯಿಂದ ಕೆಲಸ ಮಾಡಿದವರು ಬೇರೆ ಇಲ್ಲ.

ದಿಬ್ಬಗಳನ್ನು ವಜ್ರದ ಕಪ್ ವೀಲ್ ಹಾಕಿದ ಗ್ರೈಂಡರ್‌ನಿಂದ ಉಜ್ಜಿದರು. ರೆಡ್ ಆಕ್ಸೈಡ್ ಪದರವೂ ಆಗಲೇ ಹೋಯಿತು. ಈ ಧೂಳು ಟೈಲ್ಸ್ ಧೂಳಿಗಿಂತ ಸಣ್ಣದು, ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿಕೊಂಡು ಮಾಡುತ್ತೇವೆ ಅಂದರೆ ಒಪ್ಪಬೇಡಿ. ಎನ್95 ಮಾಸ್ಕ್ ನೀವೇ ತಂದು ಕೊಡಿ. ಗ್ರೈಂಡರ್‌ಗೆ ವ್ಯಾಕ್ಯೂಮ್ ಜೋಡಿಸಿರುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ ಎಪಾಕ್ಸಿ. ಎರಡು ಕೋಟ್. ಎರಡನೇ ಕೋಟ್ ಹಸಿ ಇರುವಾಗಲೇ ಅದರ ಮೇಲೆ ಒಣಗಿದ ಸಣ್ಣ ಕ್ವಾರ್ಟ್ಜ್ ಮರಳು ಎರಚುತ್ತಾರೆ. ಮರಳು ಅಂಟಿ ನೆಲ ತರಿತರಿ ಆಗುತ್ತದೆ. ಇಲ್ಲದಿದ್ದರೆ ಅದರ ಮೇಲೆ ನೀರಲ್ಲಿ ಕಲಸಿ ಸುರಿಯುವ, ತಾನೇ ಹರಡಿ ಸಮವಾಗುವ ಸೆಲ್ಫ್ ಲೆವೆಲಿಂಗ್ ಪುಡಿ ಹಿಡಿಯುವುದಿಲ್ಲ. ಈ ಪುಡಿಯ ಲೆಕ್ಕ ಹೇಳುತ್ತೇನೆ, ಅಂಗಡಿಯವರು ಜಾಸ್ತಿ ಚೀಲ ಕೊಡುವುದು ತಪ್ಪುತ್ತದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 1.7 ಕೆ.ಜಿ. ನಮ್ಮದು 26 ಚದರ ಮೀಟರ್, ಸರಾಸರಿ 4 ಮಿ.ಮೀ. ದಪ್ಪ. 25 ಕೆ.ಜಿ.ಯ ಏಳು ಚೀಲ ಸಾಕಾಯಿತು. ಚೀಲದ ಮೇಲೆ ಬರೆದಷ್ಟೇ ನೀರು, ಅಳೆದು ಹಾಕಬೇಕು. ತೆಳ್ಳಗಾಗಲಿ ಅಂತ ನೀರು ಹೆಚ್ಚಿಸಿದರೆ ಒಣಗಿದ ಮೇಲೆ ಮೇಲ್ಪದರ ಪುಡಿಪುಡಿಯಾಗಿ ಏಳುತ್ತದೆ. ಏಪ್ರಿಲ್ ಬಿಸಿಲಿಗೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ ಅಂತ ಬೆಳಕು ಹರಿಯುವ ಮುಂಚೆ ಶುರು ಮಾಡಿದೆವು. ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ. ಒಬ್ಬರು ಕಲಸುತ್ತಲೇ ಇರಬೇಕು, ಒಬ್ಬರು ಸುರಿಯುತ್ತಲೇ ಇರಬೇಕು, ಒಬ್ಬರು ಮುಳ್ಳಿನ ರೋಲರ್ ಆಡಿಸಿ ಗುಳ್ಳೆ ಒಡೆಯಬೇಕು. ಮಧ್ಯೆ ನಿಲ್ಲಿಸಿದರೆ ಅಲ್ಲೊಂದು ಅಂಚು ನಿಲ್ಲುತ್ತದೆ. ಬಾಗಿಲ ಹತ್ತಿರ ಹಾಲಿಗೆ ಹರಿಯದ ಹಾಗೆ ಮರದ ಪಟ್ಟಿ ಇಟ್ಟು ಟೇಪ್ ಹಾಕಿ.

ಇಷ್ಟರಲ್ಲಿ ಕಂಪನಿಯಿಂದ ಫೋನ್. "ಮೇಡಂ, ನಿಮ್ಮ ಮಾಲು ರೆಡಿ ಇದೆ, ನಾಳೆ ಲಾರಿ ತುಮಕೂರು ಕಡೆ ಬರ್ತಿದೆ, ಇಳಿಸಿಬಿಡ್ತೀವಿ." ಆಗಿನ್ನೂ ನೆಲ ಹಸಿ. ಹಸಿ ಗಾರೆ ಕೆಲಸ ನಡೆಯುತ್ತಿರುವ ಮನೆಯೊಳಗೆ ಮರ ತಂದಿಟ್ಟರೆ ಅದು ಗಾಳಿಯ ತೇವ ಕುಡಿಯುತ್ತದೆ. ಹಾಕಿದ ಮೇಲೆ ಒಣಗಿ ಸಂದಿ ಬಿಡುತ್ತದೆ. ಬೇಡ ಅಂದರೆ ಗೋಡೌನ್ ಬಾಡಿಗೆ ಕೇಳಿದರು. ಅವರ ಟೆಕ್ನಿಷಿಯನ್ ಕೊಟ್ಟ ಫಾರಂನಲ್ಲೇ "ಒದ್ದೆ ಕೆಲಸ ಮುಗಿದ ಮೇಲೆ ಮಾತ್ರ ಮಾಲು ಇಳಿಸತಕ್ಕದ್ದು" ಅಂತ ಅಚ್ಚಾಗಿತ್ತು. ಅದರ ಫೋಟೋ ಕಳಿಸಿದೆ. ಬಾಡಿಗೆ ಮಾತು ನಿಂತಿತು. ಆದರೂ ಆ ದಿನ ನನಗೆ ತುಂಬಾ ಬೇಜಾರಾಯಿತು. ದುಡ್ಡು ಕೊಟ್ಟು ನಾವೇ ಕಾಯುತ್ತಿರುವಾಗ ಆತುರ ಮಾಡಿಸುವುದು ಸರಿಯಲ್ಲ.

ಪ್ಲೈ ತರುವಾಗ ಎಚ್ಚರ ಬೇಕು. ಮೊದಲು ಹೋದ ಅಂಗಡಿಯಲ್ಲಿ "ನೆಲದಡಿಗೆ ತಾನೇ, ಕಮರ್ಷಿಯಲ್ ಸಾಕು" ಅಂದರು. ಸಾಕಾಗುವುದಿಲ್ಲ. ನೀರಿಗೆ ಬಿಡದ ಅಂಟಿನ ಮರೈನ್ ಪ್ಲೈ, ಐಎಸ್ 710 ಗುರುತಿನದ್ದೇ ಬೇಕು. ಪ್ರತಿ ಹಾಳೆಯ ಮೇಲೆ ಐಎಸ್‌ಐ ಮುದ್ರೆ, ಅದರ ಜೊತೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಬಿಲ್ಲಿನಲ್ಲೂ ಐಎಸ್ 710 ಅಂತ ಬರೆಸಿ. ನಮಗೆ ಹತ್ತು ಹಾಳೆ ಬೇಕಾಯಿತು, ಹಾಳೆಗೆ 3,900 ರೂಪಾಯಿ.

ಪ್ಲೈ ಕೂರಿಸಿದ್ದು ನಮ್ಮ ಹಳೆಯ ಆಚಾರ್ರು. ಮೊದಲು 200 ಮೈಕ್ರಾನ್ ಪಾಲಿಥಿನ್ ಹಾಳೆ, ಒಂದರ ಮೇಲೊಂದು ಅರ್ಧ ಅಡಿ ಏರಿಸಿ ಟೇಪ್ ಹಾಕಿ. ಎಪಾಕ್ಸಿ ಇದ್ದ ಮೇಲೆ ಇದೂ ಯಾಕೆ ಅಂತ ಕೇಳಿದೆ. ಸ್ಕ್ರೂ ಹೋದ ಕಡೆಯೆಲ್ಲ ಎಪಾಕ್ಸಿಗೆ ತೂತಾಗುತ್ತದೆ, ಎರಡು ಪದರ ಇದ್ದರೆ ತೇವಕ್ಕೆ ದಾರಿ ಕಷ್ಟ ಅಂದರು. ಅದರ ಮೇಲೆ ಪ್ಲೈ. ಹಾಳೆ ಹಾಳೆ ನಡುವೆ 3 ಮಿ.ಮೀ. ಸಂದಿ. ಗೋಡೆಯಿಂದ 12 ಮಿ.ಮೀ. ದೂರ. ನಾಲ್ಕು ಮೂಲೆ ಒಂದೇ ಕಡೆ ಸೇರದ ಹಾಗೆ ಇಟ್ಟಿಗೆ ಕಟ್ಟಿದಂತೆ ಸಾಲು ತಪ್ಪಿಸಿ. ಅಡಿಗೊಂದು ಸ್ಕ್ರೂ, ತಲೆ ಪ್ಲೈ ಒಳಗೆ ಇಳಿಯುವ ಹಾಗೆ. ಆಚಾರ್ರು ಸಂದಿ ಬಿಡಲು ಒಂದೇ ದಪ್ಪದ ಮೊಳೆಗಳನ್ನು ಹಾಳೆಗಳ ನಡುವೆ ನಿಲ್ಲಿಸಿ, ಸ್ಕ್ರೂ ಬಿಗಿದ ಮೇಲೆ ಕಿತ್ತು ಮುಂದಕ್ಕೆ ಇಡುತ್ತಿದ್ದರು. ಕೈ ಅಷ್ಟು ಪಳಗಿತ್ತು. ಮುಗಿದ ಮೇಲೆ ಬರಿಗಾಲಲ್ಲಿ ಇಡೀ ಕೋಣೆ ತುಳಿದು ನೋಡಿದರು. ಕಿರ್ ಅಂದ ಕಡೆ ಇನ್ನೊಂದು ಸ್ಕ್ರೂ. ಈ ಕೆಲಸ ಈಗಲೇ ಆಗಬೇಕು, ಹಲಗೆ ಕೂತ ಮೇಲೆ ಆ ಶಬ್ದ ನಿಲ್ಲಿಸಲು ಆಗುವುದಿಲ್ಲ.

ಆಮೇಲೆ ಹಲಗೆ ಬಂತು. ಕಟ್ಟು ಬಿಚ್ಚಿ, ನಡುವೆ ತೆಳ್ಳಗಿನ ಪಟ್ಟಿ ಕೊಟ್ಟು ಗಾಳಿಯಾಡುವ ಹಾಗೆ ಅದೇ ಕೋಣೆಯಲ್ಲಿ ಜೋಡಿಸಿಟ್ಟೆವು. ಇಲ್ಲಿ ದಿನದ ಲೆಕ್ಕಕ್ಕಿಂತ ಮೀಟರಿನ ಲೆಕ್ಕ ಮುಖ್ಯ. ಮೂರು ಇಂಚಿಗಿಂತ ಕಮ್ಮಿ ಅಗಲದ ಹಲಗೆಗೂ ಪ್ಲೈಗೂ ತೇವದಲ್ಲಿ ಶೇಕಡಾ 4ರವರೆಗೆ ವ್ಯತ್ಯಾಸ ಇರಬಹುದು. ಮೂರು ಇಂಚು, ಅದಕ್ಕಿಂತ ಅಗಲದ್ದಕ್ಕೆ ಶೇಕಡಾ 2 ಮಾತ್ರ. ನಮ್ಮದು ನಾಲ್ಕು ಇಂಚು. ಮೊದಲು ಪ್ಲೈ 12, ಹಲಗೆ 9 ಬಂತು. ವ್ಯತ್ಯಾಸ 3. ಹಾಕಲು ಬಂದವರು ಹಾಕದೆ ವಾಪಸ್ ಹೋದರು. ಅಷ್ಟು ಕಾದ ಮೇಲೂ ಮತ್ತೆ ಕಾಯಬೇಕಲ್ಲ ಅಂತ ಮನಸ್ಸು ಕುಗ್ಗಿತು. ಮುಂದಿನ ಸಲ ಪ್ಲೈ 11, ಹಲಗೆ 10. ಫಾರಂನ ಕೊನೆಯ ಕಾಲಂ ತುಂಬಿತು, ಇಬ್ಬರೂ ಸಹಿ ಹಾಕಿದೆವು.

ಖರ್ಚು ಹೇಳಿಬಿಡುತ್ತೇನೆ. ಟೈಲ್ಸ್ ಕೀಳಿಸಿ ಸಾಗಿಸಿದ್ದಕ್ಕೆ 12 ಸಾವಿರ, ಸಂಪಿಗೆ 14, ಗೆದ್ದಲಿಗೆ 7, ಗ್ರೈಂಡಿಂಗಿಗೆ 5, ಎಪಾಕ್ಸಿಗೆ 13, ಲೆವೆಲಿಂಗ್ ಪುಡಿ ಕೂಲಿ ಸೇರಿ 15, ಪ್ಲೈಗೆ 39, ಸ್ಕ್ರೂ ಪಾಲಿಥಿನ್‌ಗೆ 5, ಆಚಾರ್ರ ಕೂಲಿ 14 ಸಾವಿರ. ಒಟ್ಟು 1 ಲಕ್ಷ 24 ಸಾವಿರ. ಹಲಗೆಯ ದುಡ್ಡು ಇದರಲ್ಲಿ ಸೇರಿಲ್ಲ. ಅಂಗಡಿಯಲ್ಲಿ ಚದರ ಅಡಿಗೆ ಇಷ್ಟು ಅಂತ ಹೇಳುವ ರೇಟು ಹಲಗೆಯದು ಮಾತ್ರ. ಹಳೆಯ ಮನೆಯಾದರೆ ನೆಲದ ಕೆಲಸಕ್ಕೆ ಚದರ ಅಡಿಗೆ ಇನ್ನೂ ನಾಲ್ಕು ನೂರರ ಮೇಲೆ ಇಟ್ಟುಕೊಂಡೇ ಹೊರಡಿ. ಸಂಪಿನಂಥ ತೊಂದರೆ ಇಲ್ಲದಿದ್ದರೆ ಸ್ವಲ್ಪ ಉಳಿಯುತ್ತದೆ.

ಹಲಗೆ ಹಾಕುವಾಗ ಗೋಡೆ ಸುತ್ತ 20 ಮಿ.ಮೀ. ಸಂದಿ ಬಿಟ್ಟಿದ್ದಾರೆ. ನೋಡಲು ಬಂದವರೆಲ್ಲ ಅದನ್ನು ಗಾರೆಯಿಂದ ಮುಚ್ಚಿಸಿ ಅನ್ನುತ್ತಿದ್ದರು. ಮುಚ್ಚಬಾರದು. ಮಳೆಗಾಲದಲ್ಲಿ ಮರ ಹಿಗ್ಗಲು ಜಾಗ ಅದು. ಮೇಲೆ ಸ್ಕರ್ಟಿಂಗ್ ಪಟ್ಟಿ ಬರುತ್ತದೆ, ಅದಕ್ಕೂ ಮೊಳೆ ಗೋಡೆಗೆ ಹೊಡೆಯಬೇಕು, ನೆಲಕ್ಕಲ್ಲ. ಟೆಕ್ನಿಷಿಯನ್ ಅಕ್ಟೋಬರ್‌ನಲ್ಲಿ ಒಮ್ಮೆ ಬಂದು ಮೀಟರ್ ಇಟ್ಟು ನೋಡುತ್ತೇನೆ ಅಂದಿದ್ದಾರೆ. ಅದನ್ನೂ ಫಾರಂನಲ್ಲೇ ಬರೆಸಿಕೊಂಡಿದ್ದೇನೆ. ಸಂಪಿನಲ್ಲಿ ಮೊಳೆಯ ಗೀರು ಹಾಗೇ ಇದೆ. ಅಲ್ಲಿವರೆಗೆ ತಿಂಗಳಿಗೊಮ್ಮೆ ರಾತ್ರಿ ಮೋಟರ್ ಹಾಕದೆ ಬಿಟ್ಟು, ಬೆಳಿಗ್ಗೆ ಮಟ್ಟ ನೋಡುತ್ತೇವೆ.